ಡಿಜಿಟಲ್ ವೆಲ್‌ಬೀಯಿಂಗ್: ನಾಲ್ಕು ತಿಂಗಳ ಬಳಕೆಯ ನಂತರ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯ ಬದಿಯಲ್ಲಿ ನಮ್ಮ ಮನೆ, ಮನೆಗೆ ತಾಗಿದಂತೆ ಅಡಿಕೆ ತೋಟ. ಕಳೆದ ಮಳೆಗಾಲದ ಒಂದು ರಾತ್ರಿ ಅಮ್ಮ "ಊಟ ತಣ್ಣಗಾಗ್ತಾ ಉಂಟು ಮಗಾ" ಎಂದು ಎರಡನೆಯ ಸಲ ಹೇಳಿದರು. ಮೊದಲನೆಯ ಸಲ ಹೇಳಿದ್ದು ನನಗೆ ಕೇಳಿಸಿಯೇ ಇರಲಿಲ್ಲ, ಏಕೆಂದರೆ ಎಡಗೈಯಲ್ಲಿದ್ದ ಫೋನಿನಲ್ಲಿ ಪರಿಚಯವೇ ಇಲ್ಲದ ಯಾರದೋ ರೀಲ್ಸ್ ಒಂದರ ಹಿಂದೆ ಒಂದು ಓಡುತ್ತಿದ್ದವು. ಆ ರಾತ್ರಿಯೇ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಹುಕಾಲದಿಂದ ಮುಟ್ಟದೆ ಬಿಟ್ಟಿದ್ದ ಡಿಜಿಟಲ್ ವೆಲ್‌ಬೀಯಿಂಗ್ ಎಂಬ ವಿಭಾಗವನ್ನು ತೆರೆದೆ.

ಗೂಗಲ್ ಸಂಸ್ಥೆ ಇದನ್ನು 2018ರಲ್ಲಿ ಆಂಡ್ರಾಯ್ಡ್ 9ರ ಜೊತೆಗೆ ಹೊರತಂದಿತು. ಅದೇ ವರ್ಷ ಐಫೋನಿಗೂ ಸ್ಕ್ರೀನ್ ಟೈಮ್ ಎಂಬ ಇಂಥದೇ ಸೌಲಭ್ಯ ಬಂತು. ಈಗಿನ ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಇದು ಮೊದಲೇ ಇರುವುದರಿಂದ ಬೇರೆ ಹಣ ಕೊಡಬೇಕಾಗಿಲ್ಲ, ಏನನ್ನೂ ಇಳಿಸಿಕೊಳ್ಳಬೇಕಾಗಿಯೂ ಇಲ್ಲ. ಯಾವ ಆ್ಯಪ್‌ನಲ್ಲಿ ಎಷ್ಟು ಹೊತ್ತು ಕಳೆದೆವು, ಅದನ್ನು ಎಷ್ಟು ಸಲ ತೆರೆದೆವು, ಅದರಿಂದ ಎಷ್ಟು ನೋಟಿಫಿಕೇಶನ್ ಬಂದವು, ಫೋನನ್ನು ಎಷ್ಟು ಬಾರಿ ಅನ್‌ಲಾಕ್ ಮಾಡಿದೆವು ಎಂಬ ದಿನದಿನದ ಲೆಕ್ಕವನ್ನು ಅದು ಮುಂದಿಡುತ್ತದೆ.

ನನ್ನ ಮೊದಲ ವಾರದ ಲೆಕ್ಕದಲ್ಲಿ ದಿನಕ್ಕೆ ಸುಮಾರು ಮೂರೂಮುಕ್ಕಾಲು ಗಂಟೆ ಇತ್ತು. ಅದಕ್ಕಿಂತ ಹೆಚ್ಚು ಕಳವಳ ಹುಟ್ಟಿಸಿದ್ದು ಇನ್ನೊಂದು ಸಂಖ್ಯೆ: ವಾಟ್ಸ್ಆ್ಯಪನ್ನು ಒಂದೇ ದಿನ 71 ಸಲ ತೆರೆದಿದ್ದೆ. ಗಡಿನಾಡಿನಲ್ಲಿರುವ ನಮಗೆ ವಾಟ್ಸ್ಆ್ಯಪ್ ಬಿಟ್ಟು ಬದುಕುವುದು ಸುಲಭವಲ್ಲ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಆ ದಿನದ ಅಡಿಕೆ ಧಾರಣೆ ಬರುವುದು ಅಲ್ಲಿ. ಮಳೆ ಬಿಟ್ಟಾಗ ಅಡಿಕೆಗೆ ಮದ್ದು ಬಿಡಲು ಜನ ಸಿಗುತ್ತಾರೆಯೇ ಎಂದು ವಿಚಾರಿಸುವುದು ಅಲ್ಲಿ. ಶಾಲೆಯ, ದೇವಸ್ಥಾನದ, ಕುಟುಂಬದ ಸುದ್ದಿ ಬರುವುದೂ ಅಲ್ಲೇ. ಕಚೇರಿಯ ಕಾಗದಪತ್ರಗಳೂ ಬಸ್ಸಿನ ಬೋರ್ಡುಗಳೂ ಹೆಚ್ಚಾಗಿ ಮಲಯಾಳದಲ್ಲೇ ಇರುವ ಊರಿನಲ್ಲಿ ನಾವು ದಿನವೂ ಕನ್ನಡ ಓದುವ, ಬರೆಯುವ ಜಾಗ ಬಹಳ ಮಟ್ಟಿಗೆ ಈ ಗುಂಪುಗಳೇ ಆಗಿವೆ. ಹಾಗಾಗಿ "ಎಲ್ಲವನ್ನೂ ತೆಗೆದುಹಾಕಿ" ಎಂಬ ಪಟ್ಟಣದವರ ಸಲಹೆಯನ್ನು ನಾನು ಒಪ್ಪಲಾರೆ. ಆದರೆ ಧಾರಣೆ ನೋಡಲು ತೆರೆದ ಫೋನು ಐದು ನಿಮಿಷದಲ್ಲಿ ರೀಲ್ಸ್‌ಗೆ ಜಾರುತ್ತಿತ್ತು ಎಂಬುದು ಆ ಲೆಕ್ಕದಿಂದಲೇ ಸ್ಪಷ್ಟವಾಯಿತು. ಧಾರಣೆಯ ಗುಂಪು ಮತ್ತು ಮನೆಯವರ ಗುಂಪು ಇವೆರಡನ್ನು ಬಿಟ್ಟು ಉಳಿದ ಎಲ್ಲ ಗುಂಪುಗಳನ್ನೂ ಶಾಶ್ವತವಾಗಿ ಮ್ಯೂಟ್ ಮಾಡಿ ಆರ್ಕೈವ್‌ಗೆ ಸರಿಸಿದೆ. ಎರಡು ವಾರದೊಳಗೆ 71 ಎಂಬುದು 30ರ ಆಸುಪಾಸಿಗೆ ಇಳಿಯಿತು. ಈ ಸೌಲಭ್ಯದಿಂದ ನನಗಾದ ಮೊದಲ ದೊಡ್ಡ ಪ್ರಯೋಜನ ಇದೇ.

ಟೈಮರ್ ವಿಷಯದಲ್ಲಿ ನನಗೆ ಅಷ್ಟು ಸಮಾಧಾನವಿಲ್ಲ. ಒಂದು ಆ್ಯಪ್‌ಗೆ ದಿನಕ್ಕೆ ಅರ್ಧ ಗಂಟೆ ಎಂದು ಮಿತಿ ಹಾಕಿದರೆ ಅಷ್ಟು ಹೊತ್ತು ಮುಗಿದ ಕೂಡಲೇ ಅದು ಮುಚ್ಚಿಕೊಂಡು ಅದರ ಚಿತ್ರ ಬೂದುಬಣ್ಣಕ್ಕೆ ತಿರುಗುತ್ತದೆ. ಆದರೆ ಮಿತಿ ಹಾಕಿದವರೇ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ತೆಗೆಯಬಹುದು, ಮತ್ತು ನಡುರಾತ್ರಿ ಹನ್ನೆರಡಕ್ಕೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ನಿದ್ದೆಗೆಟ್ಟು ಕೂರುವವನಿಗೆ ಹನ್ನೆರಡು ಹೊಡೆದ ಮೇಲೆ ಮತ್ತೊಂದು ಅರ್ಧ ಗಂಟೆ ದಕ್ಕಿದಂತೆಯೇ. ಇದಕ್ಕಿಂತ ದೊಡ್ಡ ಕೊರತೆಯೆಂದರೆ ಮಿತಿ ಇಡೀ ಆ್ಯಪ್‌ಗೆ ಅನ್ವಯಿಸುತ್ತದೆ. ನಾನು ಯೂಟ್ಯೂಬಿನಲ್ಲಿ ತಾಳಮದ್ದಳೆ, ಅಂದರೆ ವೇಷ, ಕುಣಿತಗಳಿಲ್ಲದೆ ಹಾಡು, ಮಾತುಗಳಲ್ಲೇ ನಡೆಯುವ ಯಕ್ಷಗಾನ ಕೇಳುವವನು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವನಾಗಿ ಆ ಹೊತ್ತನ್ನು ವ್ಯರ್ಥವೆಂದು ನಾನು ಎಂದೂ ಎಣಿಸಿಲ್ಲ. ಆದರೆ ಟೈಮರಿಗೆ ಆ ಅರ್ಥಗಾರಿಕೆಯೂ ಒಂದೇ, ಶಾರ್ಟ್ಸ್‌ನ ಅರ್ಧ ನಿಮಿಷದ ತುಣುಕುಗಳೂ ಒಂದೇ. ತಾಳಮದ್ದಳೆಯಲ್ಲಿ ಮಂಗಳ ಹಾಡಿದರೆ ಪ್ರಸಂಗ ಮುಗಿಯಿತು, ಎದ್ದು ಹೋಗುತ್ತೇವೆ. ರೀಲ್ಸ್‌ಗೆ ಮಂಗಳವೇ ಇಲ್ಲ. ಬೆರಳಾಡಿಸಿದಷ್ಟೂ ಮುಂದಿನದು ಬರುತ್ತಲೇ ಇರುವ ಈ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಅಮೆರಿಕದ ವಿನ್ಯಾಸಕಾರ ಏಜಾ ರಾಸ್ಕಿನ್ ಮುಂದೆ ಅದಕ್ಕಾಗಿ ಬಹಿರಂಗವಾಗಿಯೇ ಪಶ್ಚಾತ್ತಾಪ ಪಟ್ಟಿದ್ದಾರೆ. ಕೊನೆಗೆ ಯೂಟ್ಯೂಬಿನ ಮಿತಿಯನ್ನು ತೆಗೆದು, ಇನ್‌ಸ್ಟಾಗ್ರಾಮ್ ಮತ್ತು ಫೇಸ್‌ಬುಕ್ಕಿಗೆ ಮಾತ್ರ ತಲಾ ಇಪ್ಪತ್ತು ನಿಮಿಷ ಉಳಿಸಿಕೊಂಡೆ.

ಎಲ್ಲಕ್ಕಿಂತ ಹೆಚ್ಚು ನಾನು ಮೆಚ್ಚಿದ್ದು ಬೆಡ್‌ಟೈಮ್ ಮೋಡ್. ರಾತ್ರಿ ಒಂಬತ್ತೂವರೆಯಿಂದ ಬೆಳಗಿನ ಐದರವರೆಗೆ ಎಂದು ಹೊತ್ತು ಗೊತ್ತುಮಾಡಿದ್ದೇನೆ. ಆ ಹೊತ್ತಿಗೆ ನೋಟಿಫಿಕೇಶನ್‌ಗಳ ಸದ್ದು ನಿಲ್ಲುತ್ತದೆ, ಇಡೀ ಪರದೆ ಹಳೆಯ ಫೋಟೊದಂತೆ ಕಪ್ಪುಬಿಳುಪಾಗುತ್ತದೆ. ಮೊದಲ ರಾತ್ರಿ ಯಕ್ಷಗಾನದ ಒಂದು ತುಣುಕು ನೋಡುತ್ತಿದ್ದೆ. ರಾಕ್ಷಸ ಪಾತ್ರದ ಬಣ್ಣದ ವೇಷ ತೆರೆಯ ಹಿಂದಿನಿಂದ ಮುಖ ತೋರಿಸುವ ಹೊತ್ತಿಗೆ ಸರಿಯಾಗಿ ಒಂಬತ್ತೂವರೆಯಾಗಿ, ಆ ಕೆಂಪು, ಆ ಹಸಿರು, ಹಣೆಯ ಮೇಲಿನ ಬಿಳಿ ಚುಟ್ಟಿಯ ಸಾಲು ಎಲ್ಲವೂ ಒಂದೇ ಬೂದಿಯ ಬಣ್ಣಕ್ಕೆ ಇಳಿದವು. ಅರೆಗಳಿಗೆ ನೋಡಿ ಫೋನನ್ನು ಮಗುಚಿಟ್ಟೆ. ಈ ಮೋಡನ್ನೂ ಒಂದು ಬೆರಳಿನಲ್ಲಿ ಆರಿಸಬಹುದು ನಿಜ, ಆದರೂ ಆರಿಸಬೇಕೆಂದು ಅನಿಸಿದ್ದು ತೀರಾ ಅಪರೂಪ. ಬಣ್ಣವಿಲ್ಲದ ರೀಲ್ಸ್ ಕೈಯನ್ನು ಹಿಡಿದಿಡುವುದಿಲ್ಲ, ಇಷ್ಟು ಚಿಕ್ಕ ಸಂಗತಿ ಇಷ್ಟು ಕೆಲಸ ಮಾಡುತ್ತದೆಂದು ಮೊದಲು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಆಯ್ದ ಆ್ಯಪ್‌ಗಳನ್ನು ಸ್ವಲ್ಪ ಹೊತ್ತು ತಡೆಹಿಡಿಯುವ ಫೋಕಸ್ ಮೋಡ್ ಕೂಡ ಇದೆ. ಕಚೇರಿಯಲ್ಲಿ ಕೆಲಸ ಮಾಡುವವರಿಗೆ, ಪರೀಕ್ಷೆಗೆ ಓದುವ ಮಕ್ಕಳಿಗೆ ಅದು ಒಗ್ಗೀತು. ತೋಟದಲ್ಲಿ ಕೈ ತುಂಬ ಕೆಲಸವಿರುವ ನನಗೆ ಅದರ ಅಗತ್ಯ ಬೀಳಲಿಲ್ಲ. ಮಕ್ಕಳ ಫೋನಿಗೆ ಹೆತ್ತವರು ಮಿತಿ ಹಾಕಬೇಕಿದ್ದರೆ ಫ್ಯಾಮಿಲಿ ಲಿಂಕ್ ಎಂಬ ಗೂಗಲ್‌ನದೇ ಬೇರೆ ಆ್ಯಪ್ ಇದೆ.

ಹೊಸದಾಗಿ ಬಳಸಲು ಹೊರಟವರು ಮೊದಲ ಒಂದು ವಾರ ಯಾವ ಮಿತಿಯನ್ನೂ ಹಾಕದೆ ಲೆಕ್ಕವನ್ನು ಮಾತ್ರ ನೋಡಿಕೊಳ್ಳಲಿ, ಆಮೇಲೆ ಗುಂಪುಗಳ ನೋಟಿಫಿಕೇಶನ್ ನಿಲ್ಲಿಸಲಿ, ಟೈಮರಿನ ತಂಟೆಗೆ ಕೊನೆಗೆ ಹೋಗಲಿ ಎಂದು ನನ್ನ ಕೋರಿಕೆ. ಕಳೆದ ವಾರ ನನ್ನ ಲೆಕ್ಕ ದಿನಕ್ಕೆ ಒಂದೂವರೆ ಗಂಟೆಗೆ ಬಂದು ನಿಂತಿತ್ತು, ಅದರಲ್ಲಿ ಮುಕ್ಕಾಲು ಗಂಟೆ ತಾಳಮದ್ದಳೆಯದು.