ಅಪ್ಪನಿಗೆ ಹೊಸ ಕಾರು ಕಲಿಸ್ಲಿಕ್ಕೆ ಶೋರೂಮಾ, ಯೂಟ್ಯೂಬಾ, ಪಕ್ಕದ ಸೀಟಾ?

ಇಪ್ಪತ್ತು ವರ್ಷ ಮಾರುತಿ 800ರಲ್ಲಿ ಬದಿಯಡ್ಕದಿಂದ ಪುತ್ತೂರಿಗೆ ಹೋಗಿ ಬಂದವರು ಅಪ್ಪ, ಒಂದು ಗೀರು ಮಾಡಿಸಿದವರಲ್ಲ. ಕ್ಯಾಮೆರಾ, ತಾನೇ ಕೆಲಸ ಮಾಡುವ ಸಿಸ್ಟಮ್ ಎಲ್ಲ ಇರುವ ಹೊಸ ಕಾರು ಬಂದದ್ದೇ ಕೀ ನನ್ನ ಕೈಗೆ ಕೊಟ್ಟು "ನೀನೇ ಬಿಡು" ಅಂದ್ರು. ಮೂರು ರೀತಿ ಕಲಿಸಿ ನೋಡಿದ್ದೇನೆ.

ಶೋರೂಮಿನ ಹುಡುಗ ಡೆಲಿವರಿ ದಿನ ಅರ್ಧ ಗಂಟೆ ಒಂದೇ ಉಸಿರಲ್ಲಿ ಮಲಯಾಳದಲ್ಲಿ ಹೇಳಿದ. ಅಪ್ಪನಿಗೆ ಮಲಯಾಳ ಚೆನ್ನಾಗೇ ಬರ್ತದೆ, ಆದ್ರೆ ಮನೆ ಮುಟ್ಟುವಾಗ ನೆನಪಿದ್ದದ್ದು ಬ್ಲೂಟೂತ್ ಮಾತ್ರ.

ಯೂಟ್ಯೂಬ್ ಪರವಾಗಿಲ್ಲ, ನಿಲ್ಲಿಸಿ ನಿಲ್ಲಿಸಿ ನೋಡ್ಬಹುದು, ಕನ್ನಡದಲ್ಲೂ ಉಂಟು. ಆದ್ರೆ ಅದ್ರಲ್ಲಿ ತೋರಿಸುವುದು ಟಾಪ್ ಮಾಡೆಲ್, ನಮ್ಮದು ಮಧ್ಯದ್ದು, ಇಲ್ಲದ ಸ್ವಿಚ್ಚನ್ನು ಅಪ್ಪ ಒಂದು ಗಂಟೆ ಹುಡುಕಿದ್ರು ಪಾಪ.

ಕೆಲಸ ಆದದ್ದು ಪಕ್ಕದ ಸೀಟಲ್ಲಿ ಕೂತಾಗ್ಲೇ. ಮೊದಲು ಕಲಿಸಿದ್ದು ಯಾವುದನ್ನು ಹೇಗೆ ಆಫ್ ಮಾಡುವುದು ಅಂತ, ಅದು ಗೊತ್ತಾದ ಮೇಲೆ ಅರ್ಧ ಹೆದರಿಕೆ ಹೋಯ್ತು. ಆಮೇಲೆ ಅಂಗಳದಲ್ಲಿ ಎರಡು ಬಕೆಟ್ ಇಟ್ಟು ರಿವರ್ಸ್ ಕ್ಯಾಮೆರಾ. ಸ್ಕ್ರೀನಲ್ಲಿ ಕಾಣುವ ಕೆಂಪು ಗೆರೆ ಬಕೆಟಿಗೆ ತಾಗಿದ ಕೂಡ್ಲೆ ಅಪ್ಪ ಇಳಿದು ಹಿಂದೆ ಹೋಗಿ ನೋಡಿದ್ರು, ಇನ್ನೂ ಒಂದು ಮೊಳ ಜಾಗ ಇತ್ತು, ಮೂರು ಸಲ ಹಾಗೇ ಇಳಿದು ನೋಡಿದ ಮೇಲೆ ಗೆರೆ ಮೇಲೆ ನಂಬಿಕೆ ಬಂತು.

ಕಾರು ರಸ್ತೆಯ ಗೆರೆ ದಾಟದ ಹಾಗೆ ನೋಡಿಕೊಳ್ಳುವ ಲೇನ್ ಅಸಿಸ್ಟ್ ನಮ್ಮ ಕಾರಲ್ಲಿ ಅರುವತ್ತರ ಮೇಲೆ ಹೋದ್ರೆ ಮಾತ್ರ ಕೆಲಸ ಮಾಡುವುದು, ಬಿಳಿ ಗೆರೆಯೂ ಬೇಕು, ನಮ್ಮ ಒಳಗಿನ ರೋಡಲ್ಲಿ ಎರಡೂ ಇಲ್ಲ. ಹಾಗಾಗಿ ಆರು ಲೇನಿನ 66ನೇ ಹೈವೇಗೆ ಹೋದದ್ದು. ಕುಂಬಳೆ ಹತ್ತಿರ ಒಂದು ಲಾರಿ ಓವರ್‌ಟೇಕ್ ಮಾಡುವಾಗ ಸ್ಟೀರಿಂಗ್ ತಾನೇ ವಾಪಸ್ ಎಳೀತು. "ಎಂತದಾ ಇದು, ಯಾರೋ ಕೈ ಹಿಡಿದು ಎಳೆದ ಹಾಗೆ!" ಅಪ್ಪ ಸೀದಾ ಸರ್ವೀಸಿಗೆ ಬಿಡುವ ಅಂತ ಹೊರಟ್ರು. ಇಂಡಿಕೇಟರ್ ಹಾಕದೆ ಗೆರೆ ದಾಟಿದ್ರೆ ನಿಮಗೆ ನಿದ್ರೆ ಬಂತು ಅಂತ ಕಾರು ತಿಳ್ಕೊಳ್ತದೆ ಅಂದೆ. ಮುಂದಿನ ಲಾರಿಗೆ ಇಂಡಿಕೇಟರ್ ಹಾಕಿದ್ರು, ಕಾರು ಸುಮ್ಮನಿತ್ತು. "ಇಷ್ಟು ವರ್ಷ ನೀನು ಹೇಳಿದ್ದು ಕೇಳ್ಲಿಲ್ಲ, ಇದು ಕೇಳಿಸ್ತು ನೋಡು" ಅಂತ ನಕ್ಕರು.

ಇದಕ್ಕೂ ಒಂದು ತೊಂದ್ರೆ ಉಂಟು, ಕಲಿಸುವವನಿಗೆ ತಾಳ್ಮೆ ಬೇಕು. ನಾನೊಮ್ಮೆ ದನಿ ಏರಿಸಿದ್ದಕ್ಕೆ ಅಪ್ಪ ಮೂರು ದಿನ ಕಾರು ಮುಟ್ಟಲಿಲ್ಲ, ಆಮೇಲೆ ತಂಗಿ ಕೂತಳು, ಅವಳೇ ವಾಸಿ.

ಮುಂದಿನ ಗಾಡಿ ನೋಡಿ ಕಾರೇ ವೇಗ ಹೆಚ್ಚು ಕಡಿಮೆ ಮಾಡುವ ಅಡಾಪ್ಟಿವ್ ಕ್ರೂಸ್ ಮಾತ್ರ ಅಪ್ಪನಿಗೆ ಈಗಲೂ ಬೇಡವಂತೆ. ಆದ್ರೆ ಮಳೆಗೆ ಕೆಸರು ಹಾರಿದ್ರೆ ಹೊರಡುವ ಮೊದಲು ಬೈರಾಸಿನ ತುದಿಯಲ್ಲಿ ಹಿಂದಿನ ಕ್ಯಾಮೆರಾ ಒರೆಸ್ತಾರೆ, ಅದು ಯಾರೂ ಹೇಳಿಕೊಟ್ಟದ್ದಲ್ಲ.