ಮ್ಯಾಕ್‌ಬೆತ್ ಓದೋಕೆ ಫೋಲ್ಜರ್ ಪುಸ್ತಕ: ಎಡಗಡೆ ಅರ್ಥ, ಬಲಗಡೆ ನಾಟಕ
ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ನಾಟಕ ಓದಬೇಕು ಅಂತಿದ್ದರೆ ಫೋಲ್ಜರ್‌ನವರ ಪೇಪರ್‌ಬ್ಯಾಕ್ ತಗೊಳ್ಳಿ. ವಾಷಿಂಗ್ಟನ್‌ನ ಫೋಲ್ಜರ್ ಶೇಕ್ಸ್‌ಪಿಯರ್ ಲೈಬ್ರರಿಯ ಪುಸ್ತಕ ಇದು. ಬಲಗಡೆ ಪುಟದಲ್ಲಿ ನಾಟಕ, ಎಡಗಡೆ ಪುಟದಲ್ಲಿ ಅದೇ ಸಾಲುಗಳ ಕಷ್ಟದ ಮಾತುಗಳಿಗೆ ಅರ್ಥ. ಪದೇಪದೇ ಪುಸ್ತಕದ ಕೊನೆಗೆ ಹೋಗಿ ಹುಡುಕಬೇಕಾಗಿಲ್ಲ. 400 ವರ್ಷ ಹಳೆಯ ಇಂಗ್ಲಿಷ್ ಆದರೂ ಓದಿನ ಓಟ ನಿಲ್ಲುವುದಿಲ್ಲ.

ಆ ಓಟ ಈ ನಾಟಕಕ್ಕೆ ಬೇಕೇ ಬೇಕು. ಯಾಕಂದ್ರೆ ಇದು ಒಬ್ಬ ಒಳ್ಳೆಯ ಮನುಷ್ಯ ಎಷ್ಟು ಬೇಗ ಕೆಡುತ್ತಾನೆ ಅನ್ನುವ ಕತೆ. ಶುರುವಿನಲ್ಲಿ ಮ್ಯಾಕ್‌ಬೆತ್ ಸ್ಕಾಟ್‌ಲೆಂಡಿನ ದೊರೆ ಡಂಕನ್‌ಗಾಗಿ ಪ್ರಾಣದ ಹಂಗು ತೊರೆದು ಕಾದಾಡಿದ ವೀರ. ಮಾಟಗಾತಿಯರು ನೀನು ರಾಜನಾಗುತ್ತೀಯ ಅಂದರು, ಅಷ್ಟೇ. ಕೊಲೆ ಮಾಡು ಅಂತ ಅವರು ಹೇಳಲೇ ಇಲ್ಲ, ಆ ಯೋಚನೆ ಅವನದೇ.

ಮೊದಲ ಅಂಕದ ಏಳನೇ ದೃಶ್ಯವನ್ನು ಮಾತ್ರ ನಿಧಾನಕ್ಕೆ ಓದಿ. ಡಂಕನ್ ಒಳಗೆ ಊಟಕ್ಕೆ ಕೂತಿದ್ದಾನೆ. ಮ್ಯಾಕ್‌ಬೆತ್ ಎದ್ದು ಬಂದು ಒಬ್ಬನೇ ನಿಂತು ಯೋಚಿಸುತ್ತಾನೆ: ಇವನು ನನ್ನ ನೆಂಟ, ನನ್ನ ದೊರೆ, ಇವತ್ತು ನನ್ನ ಮನೆಗೆ ಬಂದ ಅತಿಥಿ, ಬಾಗಿಲು ಕಾಯಬೇಕಾದ ನಾನೇ ಚೂರಿ ಹಿಡಿಯುವುದಾ? ಅಧಿಕಾರದ ಆಸೆ ಬಿಟ್ಟರೆ ಕೊಲ್ಲೋಕೆ ಬೇರೆ ಕಾರಣವೇ ಇಲ್ಲ ಅಂತ ತಾನೇ ಒಪ್ಪಿಕೊಳ್ಳುತ್ತಾನೆ. ಹೆಂಡತಿಗೂ ಇದು ಬೇಡ ಅನ್ನುತ್ತಾನೆ. ಅವಳು ನೀನೆಂಥ ಗಂಡಸು ಅಂತ ಕೆಣಕಿದ ಮೇಲೆ ಹೂಂ ಅನ್ನುತ್ತಾನೆ. ಎಲ್ಲ ಗೊತ್ತಿದ್ದೂ ಮಾಡುತ್ತಾನಲ್ಲ, ಅದಕ್ಕೇ ಅಷ್ಟು ಸಂಕಟವಾಗುವುದು.

ಆಮೇಲೆ ಬ್ಯಾಂಕೋ, ಜೊತೆಯಲ್ಲೇ ಯುದ್ಧ ಮಾಡಿದ ಗೆಳೆಯ. ಅವನನ್ನು ಕೊಲ್ಲೋಕೆ ಮ್ಯಾಕ್‌ಬೆತ್ ಬೇರೆಯವರನ್ನು ಕಳಿಸುತ್ತಾನೆ. ಏನು ಮಾಡಲಿದ್ದೇನೆ ಅಂತ ಈ ಸಲ ಹೆಂಡತಿಗೂ ಬಿಟ್ಟುಕೊಡುವುದಿಲ್ಲ. ಇನ್ನೊಬ್ಬ ಸರದಾರ ಮ್ಯಾಕ್‌ಡಫ್ ಇಂಗ್ಲೆಂಡ್‌ಗೆ ಓಡಿಹೋದ ಸುದ್ದಿ ಬಂದಾಗಲಂತೂ, ಇನ್ನುಮೇಲೆ ಮನಸ್ಸಿಗೆ ಬಂದದ್ದನ್ನು ಕೈ ಆಗಲೇ ಮಾಡಿಬಿಡಬೇಕು ಅಂದುಕೊಂಡು ಅವನ ಹೆಂಡತಿ ಮಕ್ಕಳನ್ನು ಕೊಲ್ಲಿಸುತ್ತಾನೆ. ಅದರಿಂದ ಅವನಿಗೆ ಚಿಕ್ಕಾಸಿನ ಲಾಭವೂ ಇಲ್ಲ. ಡಂಕನ್‌ನ ವಿಷಯದಲ್ಲಿ 28 ಸಾಲಿನ ತಳಮಳ ಇತ್ತು, ಇಲ್ಲಿ 11 ಸಾಲು, ಅದರಲ್ಲಿ ಒಂದು ಚೂರೂ ಅನುಮಾನ ಇಲ್ಲ. ಪುಸ್ತಕದಲ್ಲಿ ಸಾಲಿನ ನಂಬರ್ ಹಾಕಿರುವುದರಿಂದ ನೀವೇ ಎಣಿಸಿ ನೋಡಬಹುದು.

ಇಷ್ಟವಾಗದ್ದೂ ಇದೆ. ಪ್ರತಿ ದೃಶ್ಯಕ್ಕೂ ಮೊದಲೇ ಅದರ ಸಾರಾಂಶ ಕೊಟ್ಟುಬಿಡುತ್ತಾರೆ. ಮೊದಲ ಸಲ ಓದುವವರು ಅದನ್ನು ಬಿಟ್ಟು ಮುಂದೆ ಹೋಗುವುದೇ ಒಳ್ಳೆಯದು. ಟಿಪ್ಪಣಿಗಳು ಪದದ ಅರ್ಥ ಹೇಳುತ್ತವೆ, ಮಾತಿನ ಲಯ ಹೇಳಲ್ಲ. ಕೈಗಂಟಿದ ರಕ್ತವನ್ನು ಸಮುದ್ರವೂ ತೊಳೆಯಲಾರದು, ಸಮುದ್ರವೇ ಕೆಂಪಾದೀತು ಅನ್ನುವ ಸಾಲುಗಳನ್ನು ಗಟ್ಟಿಯಾಗಿ ಓದಿ, ಆಗಲೇ ಅದರ ರುಚಿ. ಕೊನೆಯಲ್ಲಿ ನಾಟಕದ ಬಗ್ಗೆ ವಿಮರ್ಶಕಿ ಸೂಸನ್ ಸ್ನೈಡರ್ ಅವರ ಲೇಖನವಿದೆ, ನಾಟಕ ಮುಗಿಸಿದ ಮೇಲೆ ಓದಿ. ಅಂದಹಾಗೆ, ಇದನ್ನು ಇತಿಹಾಸ ಅಂತ ಓದಬೇಡಿ. ನಿಜವಾದ ಮ್ಯಾಕ್‌ಬೆತ್ 1040ರಿಂದ 1057ರವರೆಗೆ ಸ್ಕಾಟ್‌ಲೆಂಡ್ ಆಳಿದವನು, ಡಂಕನ್ ಸತ್ತದ್ದು ಯುದ್ಧದಲ್ಲಿ.

ಇಂಗ್ಲಿಷ್ ಜಾಸ್ತಿ ಕಷ್ಟ ಅನ್ನಿಸಿದರೆ ಡಿವಿಜಿಯವರ ಕನ್ನಡ ಅನುವಾದ ಪಕ್ಕದಲ್ಲಿಟ್ಟುಕೊಳ್ಳಿ. ನಾಟಕದ ಮೂಲ ಫೋಲ್ಜರ್ ವೆಬ್‌ಸೈಟ್‌ನಲ್ಲಿ ಉಚಿತವಾಗಿಯೇ ಸಿಗುತ್ತದೆ. ಆದರೂ ಮೊದಲ ಓದಿಗೆ ಅಚ್ಚಿನ ಪುಸ್ತಕವೇ ಇರಲಿ, ಫೋನಿನ ಪರದೆಯಲ್ಲಿ ಎರಡು ಪುಟ ಒಟ್ಟಿಗೆ ಇಟ್ಟುಕೊಂಡು ಓದೋಕೆ ಆಗಲ್ಲ.