200 ಲೀಟರಿನ ಸಿಕ್ಲಿಡ್ ತೊಟ್ಟಿಗೆ ಯಾವ ಫಿಲ್ಟರ್: ಕ್ಯಾನಿಸ್ಟರ್, ಹ್ಯಾಂಗ್-ಆನ್, ಸ್ಪಾಂಜ್?

ಕ್ಯಾನಿಸ್ಟರ್ ಎಂದರೆ ತೊಟ್ಟಿಯ ಹೊರಗಿಟ್ಟು ಪೈಪಿನಿಂದ ಜೋಡಿಸುವ ಮುಚ್ಚಿದ ಪಾತ್ರೆ; ಹ್ಯಾಂಗ್-ಆನ್ ತೊಟ್ಟಿಯ ಅಂಚಿಗೆ ನೇತುಹಾಕುವುದು; ಸ್ಪಾಂಜ್ ತೊಟ್ಟಿಯೊಳಗಿಟ್ಟು ಏರ್ ಪಂಪಿನಿಂದ ನಡೆಸುವುದು. ನಾಲ್ಕು ಅಡಿಯ ತೊಟ್ಟಿ, ಆಫ್ರಿಕಾದ ಮಲಾವಿ ಸರೋವರದ ಎಂಬುನಾ ಎಂಬ ಸಿಕ್ಲಿಡ್ ಮೀನುಗಳು ಎಂದುಕೊಳ್ಳಿ. ಜಗಳ ಹಂಚಿಹೋಗಲೆಂದು ಇವನ್ನು ಒತ್ತೊತ್ತಾಗಿಯೇ ಸಾಕುವುದರಿಂದ ಕೊಳೆ ಹೆಚ್ಚು. ಗಂಟೆಗೆ 1,200ರಿಂದ 1,600 ಲೀಟರ್ ನೀರು ತಿರುಗಬೇಕು. ಡಬ್ಬದ ಮೇಲಿನ ಅಂಕಿ ಖಾಲಿ ಫಿಲ್ಟರಿನದು. ಮೀಡಿಯಾ (ನೀರು ಸೋಸಲು ಒಳಗೆ ತುಂಬುವ ಸ್ಪಾಂಜ್, ಸೆರಾಮಿಕ್ ತುಂಡು ಮುಂತಾದವು) ತುಂಬಿದ ಮೇಲೆ ಹರಿವು ಇಳಿಯುತ್ತದೆ.

ಖರ್ಚಿನಲ್ಲಿ ಸ್ಪಾಂಜ್ ಅಗ್ಗ, ಕ್ಯಾನಿಸ್ಟರ್ ದುಬಾರಿ. ಆದರೆ ಮೀನಿನ ಕೊಳೆಯಿಂದ ಹುಟ್ಟುವ ವಿಷವಾದ ಅಮೋನಿಯವನ್ನು ಅರಗಿಸುವ ಬ್ಯಾಕ್ಟೀರಿಯಾಕ್ಕೆ ಕ್ಯಾನಿಸ್ಟರಿನಷ್ಟು ಜಾಗ ಬೇರೆಯದರಲ್ಲಿಲ್ಲ.

ತೊಳೆಯಲು ಹ್ಯಾಂಗ್-ಆನ್ ಸಲೀಸು, ಐದು ನಿಮಿಷದ ಕೆಲಸ. ಕ್ಯಾನಿಸ್ಟರ್ ಬಿಚ್ಚುವುದು ತಿಂಗಳಿಗೊಮ್ಮೆಯಾದರೂ ಪೈಪು, ವಾಲ್ವು, ಓ-ರಿಂಗ್ (ಮುಚ್ಚಳದಡಿಯ ರಬ್ಬರ್ ಬಳೆ) ಎಲ್ಲ ನೋಡಬೇಕು. ರಿಂಗಿಗೆ ಸಿಲಿಕೋನ್ ಗ್ರೀಸ್ ಹಚ್ಚದಿದ್ದರೆ ಸೋರಬಹುದು. ಯಾವುದೇ ಆಗಲಿ, ಮೀಡಿಯಾವನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅಲುಬಿ. ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ.

ಎಂಬುನಾ ಮರಳು ಅಗೆಯುತ್ತವೆ, ಮರಳು ಒಳಹೋದರೆ ಇಂಪೆಲರ್ (ನೀರು ತಳ್ಳುವ ಪುಟ್ಟ ಚಕ್ರ) ಸವೆಯುತ್ತದೆ. ಹೀರುವ ಕೊಳವೆ ತಳದಿಂದ ನಾಲ್ಕಿಂಚು ಮೇಲಿರಲಿ, ಬಾಯಿಗೆ ಸ್ಪಾಂಜ್ ಹಾಕಿ; ಮರಿಗಳೂ ಉಳಿಯುತ್ತವೆ.

ಕರೆಂಟ್ ಹೋಗುವ ಊರಾದರೆ ಇದನ್ನು ಮುಖ್ಯವಾಗಿ ಯೋಚಿಸಿ. ಮುಚ್ಚಿದ ಕ್ಯಾನಿಸ್ಟರಿನಲ್ಲಿ ಕೆಲವು ಗಂಟೆಗಳಲ್ಲೇ ಆಮ್ಲಜನಕ ಮುಗಿಯುತ್ತದೆ, ಬ್ಯಾಕ್ಟೀರಿಯಾ ಸಾಯತೊಡಗುತ್ತವೆ. ಹಾಗೇ ಚಾಲೂ ಮಾಡಿದರೆ ಕೊಳೆತ ನೀರು ತೊಟ್ಟಿಗಿಳಿಯುತ್ತದೆ. ಮೊದಲು ಅದನ್ನು ಚೆಲ್ಲಿ. ಬ್ಯಾಟರಿ ಏರ್ ಪಂಪಿಗೆ ಜೋಡಿಸಿದ ಸ್ಪಾಂಜ್ ಬ್ಯಾಟರಿ ಇರುವವರೆಗೆ ನಿಲ್ಲುವುದಿಲ್ಲ.

ಹತ್ತು-ಹನ್ನೆರಡು ಮೀನಿಗೆ, ಕೈಯಲ್ಲಿ ಹಣ ಕಡಿಮೆಯಿದ್ದರೆ, ಎರಡು ಹ್ಯಾಂಗ್-ಆನ್ ಸಾಕು: ಒಂದು ಕೆಟ್ಟರೆ ಇನ್ನೊಂದಿರುತ್ತದೆ. ಇಪ್ಪತ್ತು ದಾಟಿದರೆ ಕ್ಯಾನಿಸ್ಟರ್, ಜೊತೆಗೊಂದು ಸ್ಪಾಂಜ್. ಸ್ಪಾಂಜ್ ಒಂದೇ ಎಂದರೆ ಮರಿ ಸಾಕುವ ತೊಟ್ಟಿಗೆ ಮಾತ್ರ.